ಸಂಪಿನ ಸೆನ್ಸರ್‌ಗೆ ಯಾವ ಕ್ಲೌಡ್?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಆ್ಯಪ್ ಮಾಡುವವರೂ ಇದ್ದೀರಿ, ಪೀಣ್ಯದಲ್ಲಿ ಸಾಧನ ತಯಾರಿಸುವವರೂ ಇದ್ದೀರಿ. ಇಬ್ಬರಿಗೂ ಹೊಂದುವ ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡುತ್ತೇನೆ. ಅಪಾರ್ಟ್‌ಮೆಂಟಿನ ಸಂಪಿಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಹಾಕುತ್ತೀರಿ. ಕಾವೇರಿ ನೀರು ಬಂತಾ, ಟ್ಯಾಂಕರ್‌ಗೆ ಹೇಳಬೇಕಾ, ಮೋಟರ್ ಓಡುತ್ತಿದೆಯಾ, ಎಲ್ಲ ಫೋನಿನಲ್ಲೇ ಕಾಣಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸೆನ್ಸರ್‌ಗೂ ಫೋನಿಗೂ ನಡುವೆ ಲಾಗಿನ್, ಡೇಟಾಬೇಸ್, ನೋಟಿಫಿಕೇಶನ್ ಎಲ್ಲ ಬೇಕು. ಇವನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವುದೇ ಕ್ಲೌಡ್. ಯಾವ ಕಂಪನಿಯಿಂದ ತೆಗೆದುಕೊಳ್ಳುವುದು?

ಹೆಚ್ಚಿನವರು ಮೊದಲು ರೇಟ್ ನೋಡುತ್ತಾರೆ. ನಾನು ಮೊದಲು ಕೇಳುವುದು ಇದು: ನಾಳೆ ಈ ಸೇವೆ ನಿಂತರೆ ನನ್ನ ಸೆನ್ಸರ್ ಗತಿ ಏನು?

ಇದು ಸುಮ್ನೆ ಹೆದರಿಸುವ ಮಾತಲ್ಲ. ಆ್ಯಪ್‌ಗಳ ಹಿಂದಿನ ಸರ್ವರ್ ಕೆಲಸ ನೋಡಿಕೊಳ್ಳುತ್ತಿದ್ದ ಪಾರ್ಸ್ ಅನ್ನುವ ಬ್ಯಾಕೆಂಡ್ ಸೇವೆಯನ್ನು 2013ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು. 2016ರ ಜನವರಿಯಲ್ಲಿ ನಿಲ್ಲಿಸುವುದಾಗಿ ಹೇಳಿ, ಮರುವರ್ಷ ಜನವರಿಯಲ್ಲಿ ಮುಚ್ಚಿಯೇಬಿಟ್ಟಿತು. ವರ್ಷ ಕಾಲಾವಕಾಶ ಕೊಟ್ಟು, ಸರ್ವರ್ ಕೋಡನ್ನು ಯಾರು ಬೇಕಾದರೂ ಬಳಸುವಂತೆ ಓಪನ್ ಸೋರ್ಸ್ ಮಾಡಿದ್ದು ಒಳ್ಳೆಯ ಕೆಲಸ. ಸಾಧನಗಳಿಗೆಂದೇ ಇದ್ದ ಗೂಗಲ್ ಕ್ಲೌಡ್‌ನ ಐಓಟಿ ಕೋರ್ ಕೂಡ 2023ರ ಆಗಸ್ಟ್‌ನಲ್ಲಿ ಬಂದ್ ಆಯಿತು. ದೊಡ್ಡ ಕಂಪನಿ ಅಂದಮಾತ್ರಕ್ಕೆ ಅದರ ಎಲ್ಲ ಸೇವೆಗಳೂ ಉಳಿಯುತ್ತವೆ ಅಂತೇನಿಲ್ಲ.

ಆ್ಯಪ್ ಆದರೆ ಪ್ಲೇ ಸ್ಟೋರ್‌ಗೆ ಹೊಸ ಆವೃತ್ತಿ ಹಾಕಬಹುದು. ಸೆನ್ಸರ್‌ಗಳು ಯಲಹಂಕದಿಂದ ಬನಶಂಕರಿಯವರೆಗೆ ಊರೆಲ್ಲ ಸಂಪುಗಳಲ್ಲಿ ಕೂತಿರುತ್ತವೆ. ಸಾಧನದೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿ ಕ್ಲೌಡ್ ಕಂಪನಿಯ ವಿಳಾಸವನ್ನೇ ಬರೆದಿದ್ದು, ದೂರದಿಂದ ಅಪ್‌ಡೇಟ್ ಮಾಡುವ ವ್ಯವಸ್ಥೆಯೂ ಇಲ್ಲದಿದ್ದರೆ, ಟೆಕ್ನಿಶಿಯನ್ ಒಂದೊಂದೇ ಕಟ್ಟಡಕ್ಕೆ ಹೋಗಿ ಸಂಪಿನ ಮುಚ್ಚಳ ತೆಗೆಯಬೇಕು. ಸಣ್ಣ ಕಂಪನಿಗೆ ಆ ಖರ್ಚು ತಡೆದುಕೊಳ್ಳಲು ಆಗುವುದಿಲ್ಲ.

ಹಾಗಾಗಿ ಸಾಧನದೊಳಗೆ ನಿಮ್ಮದೇ ಡೊಮೇನ್ ಹೆಸರು ಹಾಕಿ. ಅದು ಯಾವ ಕ್ಲೌಡ್ ಕಡೆ ತಿರುಗಬೇಕು ಅನ್ನುವುದು ನಿಮ್ಮ ಕೈಯಲ್ಲಿರಲಿ. ಕೆಲವು ಸೇವೆಗಳು ಇದಕ್ಕೆ ಒಪ್ಪುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಅಮೆಜಾನ್‌ನಲ್ಲೂ ಐಓಟಿ ಕೋರ್ ಅನ್ನುವ ಸೇವೆ ಇದೆ, ಅದರಲ್ಲಿ ಇದು ಸಾಧ್ಯ. ಗುರುತು ಖಾತ್ರಿಪಡಿಸುವ ಸರ್ಟಿಫಿಕೇಟ್ ಬದಲಾಯಿಸುವ ದಾರಿಯೂ ಸಾಧನದಲ್ಲಿ ಇರಲೇಬೇಕು.

ಸಾಧನ ಕ್ಲೌಡ್ ಜೊತೆ ಮಾತಾಡುವ ಭಾಷೆ ಎಂಕ್ಯೂಟಿಟಿ (MQTT) ಆಗಿರಲಿ. 1999ರಲ್ಲಿ ತೈಲದ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ಗಮನಿಸಲು ಹುಟ್ಟಿದ್ದು ಇದು. ಕಡಿಮೆ ಡೇಟಾ, ಆಗಾಗ ಕಡಿಯುವ ಸಂಪರ್ಕ ಅಲ್ಲಿನ ತೊಂದರೆ. ಬೇಸ್‌ಮೆಂಟಿನ ಸೆನ್ಸರ್‌ನ ಸಿಮ್‌ಗೂ ಅದೇ ತೊಂದರೆ ಅಲ್ವಾ? ಇದರಲ್ಲಿ 'ಲಾಸ್ಟ್ ವಿಲ್' ಅಂತ ಒಂದು ಸೌಲಭ್ಯ ಇದೆ. ಸಾಧನದ ಸಂಪರ್ಕ ಇದ್ದಕ್ಕಿದ್ದಂತೆ ಕಡಿದರೆ ಬ್ರೋಕರ್, ಅಂದರೆ ಸಂದೇಶಗಳನ್ನು ಪಡೆದು ಹಂಚುವ ಸರ್ವರ್, ತಾನೇ ಆ ಸುದ್ದಿ ಮುಟ್ಟಿಸುತ್ತದೆ. ಇದನ್ನು ದಯವಿಟ್ಟು ಬಳಸಿ. ಸೆನ್ಸರ್ ಸತ್ತು ಗಂಟೆಗಟ್ಟಲೆ ಆದಮೇಲೂ ಆ್ಯಪ್‌ನಲ್ಲಿ 'ಸಂಪು ತುಂಬಿದೆ' ಅಂತ ಕಾಣುತ್ತಿದ್ದರೆ, ಜನ ಅದನ್ನು ನಂಬಿ ಟ್ಯಾಂಕರ್ ಬುಕ್ ಮಾಡದೆ ಕೂರುತ್ತಾರೆ.

ಈಗ ದುಡ್ಡು. ಹತ್ತು ಸೆಕೆಂಡಿಗೊಮ್ಮೆ ಮಟ್ಟ ಕಳಿಸುವ ಒಂದು ಸೆನ್ಸರ್‌ನಿಂದ ದಿನಕ್ಕೆ 8,640 ಸಂದೇಶ ಬರುತ್ತವೆ. ಗೂಗಲ್‌ನ ಡೇಟಾಬೇಸ್ ಸೇವೆ ಫೈರ್‌ಸ್ಟೋರ್‌ನ ಉಚಿತ ಮಿತಿ ದಿನಕ್ಕೆ 20,000 ರೈಟ್, ಅಂದರೆ ಅಷ್ಟು ಸಲ ಬರೆಯಬಹುದು. ಒಂದೊಂದು ಸಂದೇಶವನ್ನೂ ಹಾಗೇ ಬರೆಯುತ್ತಾ ಹೋದರೆ ಮೂರೇ ಸೆನ್ಸರ್‌ಗೆ ಮಿತಿ ದಾಟುತ್ತದೆ. ಸಾವಿರ ಸೆನ್ಸರ್ ಅಂದರೆ ತಿಂಗಳಿಗೆ ಸುಮಾರು 26 ಕೋಟಿ ಸಂದೇಶ. ಸಂಪಿನ ನೀರು ಹತ್ತು ಸೆಕೆಂಡಿನಲ್ಲಿ ಎಷ್ಟು ಬದಲಾದೀತು? ಮಟ್ಟ ಬದಲಾದಾಗ ಮಾತ್ರ ಕಳಿಸಿ, ಜೊತೆಗೆ ಆಗಾಗ 'ಬದುಕಿದ್ದೇನೆ' ಅಂತ ಒಂದು ಸಂದೇಶ ಸಾಕು. ಕಂಪನಿ ಬದಲಾಯಿಸುವುದಕ್ಕಿಂತ ಇದರಿಂದ ಬಿಲ್ ಜಾಸ್ತಿ ಇಳಿಯುತ್ತದೆ.

ಕರೆಂಟ್ ವಿಚಾರವನ್ನೂ ಮರೆಯಬೇಡಿ. ಒಂದು ಬಡಾವಣೆಗೆ ಕರೆಂಟ್ ವಾಪಸ್ ಬಂದ ಕ್ಷಣ ಅಲ್ಲಿನ ಎಲ್ಲ ಸಾಧನಗಳೂ ಒಟ್ಟಿಗೆ ಕನೆಕ್ಟ್ ಆಗಲು ನುಗ್ಗುತ್ತವೆ. ಸೆಕೆಂಡಿಗೆ ಎಷ್ಟು ಹೊಸ ಸಂಪರ್ಕ ಒಪ್ಪುತ್ತೀರಿ ಅಂತ ಕಂಪನಿಯನ್ನು ಕೇಳಿ. ನಿಮ್ಮ ಕಡೆಯಿಂದಲೂ ಪ್ರತಿ ಸಾಧನ ಬೇರೆ ಬೇರೆ ಹೊತ್ತು ಕಾದು ಪ್ರಯತ್ನಿಸುವಂತೆ ಮಾಡಿ.

ಡೇಟಾ ಎಲ್ಲಿರಬೇಕು ಅನ್ನುವುದನ್ನು ಶುರುವಿನಲ್ಲೇ ತೀರ್ಮಾನಿಸಿ. ಫೈರ್‌ಸ್ಟೋರ್ ಡೇಟಾಬೇಸನ್ನು ಮುಂಬೈಯಲ್ಲಿ ಇಡಬಹುದು, ಆದರೆ ಒಮ್ಮೆ ಆರಿಸಿದ ಜಾಗವನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ನೀರಿನ ಲೆಕ್ಕ ತಾನೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಫ್ಲ್ಯಾಟಿಗೊಂದು ಮೀಟರ್ ಹಾಕಿದರೆ, ಯಾವ ಮನೆಯಲ್ಲಿ ಜನ ಇಲ್ಲ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಅಂಥ ಮಾಹಿತಿ ಕಾಪಾಡುವುದು ನಮ್ಮ ಹೊಣೆ. 2023ರ ವೈಯಕ್ತಿಕ ಡೇಟಾ ಕಾಯ್ದೆಯೂ ಅದನ್ನೇ ಕೇಳುತ್ತದೆ.

ಆ್ಯಪ್‌ಗೂ ಸಾಧನಕ್ಕೂ ಒಂದೇ ಕಂಪನಿ ಇರಬೇಕಿಲ್ಲ. ಆ್ಯಪ್ ಕಡೆಗೆ ನನ್ನ ಒಲವು ಪೋಸ್ಟ್‌ಗ್ರೆಸ್ ಅನ್ನುವ ಓಪನ್ ಸೋರ್ಸ್ ಡೇಟಾಬೇಸ್ ಮೇಲೆ ನಿಂತ ಸುಪಾಬೇಸ್‌ನಂಥ ಸೇವೆಗೆ. ಡೇಟಾ ತೆಗೆದು ಬೇರೆ ಕಡೆ ಹಾಕುವುದು ಅಲ್ಲಿ ಸುಲಭ. ನೋಟಿಫಿಕೇಶನ್‌ಗೆ ಗೂಗಲ್‌ನ ಫೈರ್‌ಬೇಸನ್ನೇ ಬಳಸಿ, ತೊಂದರೆ ಇಲ್ಲ.

ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹತ್ತು ಸೆನ್ಸರ್‌ಗಳನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಂಡ ಮೊಸ್ಕಿಟೋ ಅನ್ನುವ ಉಚಿತ ಬ್ರೋಕರ್‌ಗೆ ತಿರುಗಿಸಿ ನೋಡಿ. ಆಮೇಲೆ ಇಂಟರ್ನೆಟ್ ಪೂರ್ತಿ ಕಿತ್ತು ನೋಡಿ. ಆಗಲೂ ಓವರ್‌ಹೆಡ್ ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ತಾನಾಗಿ ನಿಲ್ಲಬೇಕು. ಆ ತೀರ್ಮಾನವನ್ನು ಯಾವ ಕ್ಲೌಡ್‌ಗೂ ಬಿಡಬೇಡಿ, ಅದು ಕಟ್ಟಡದ ಕಂಟ್ರೋಲರ್‌ನಲ್ಲೇ ಇರಲಿ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.