ಮರದ ಪೊಟರೆಯೊಳಗೆ ಸಿಕ್ಕ 31 ಕೋಟಿ ವರ್ಷ ಹಳೆಯ ಪ್ರಾಣಿ | ಜಾಗಿನ್ಸ್, ಕೆನಡಾ

ಈಗ ಕಾಣಿಸುತ್ತಿರುವುದು ನೋವಾ ಸ್ಕೋಷಿಯಾದ ಜಾಗಿನ್ಸ್ ಕಡಲತೀರ. ಸುಮಾರು 15 ಕಿಲೋಮೀಟರ್ ಉದ್ದದ ಬಂಡೆಗೋಡೆ, 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಈ ಕೊಲ್ಲಿಯ ಹೆಸರು ಬೇ ಆಫ್ ಫಂಡಿ, ಇದರ ಉಬ್ಬರ ಭಾರೀ ಎತ್ತರದ್ದು, ನೀರು ಏರಿದರೆ ನಾವು ನಡೆಯುತ್ತಿರುವ ಈ ಜಾಗವೇ ಇರುವುದಿಲ್ಲ. ಅದೇ ಉಬ್ಬರ ಬಂಡೆಯನ್ನು ಕೆರೆದು ಕೆರೆದು ಹೊಸ ಹೊಸ ಪಳೆಯುಳಿಕೆಗಳನ್ನು ಹೊರಗೆ ಹಾಕುತ್ತಿರುತ್ತದೆ.

ನಾನು ಬಂದಿದ್ದು ಹೈಲೋನೋಮಸ್‌ಗಾಗಿ, ಮೊದಲ ಸರೀಸೃಪ ಅಂತ ಹೆಸರಾದ ಪ್ರಾಣಿ. ಬಾಲವೂ ಸೇರಿ 20 ಸೆಂಟಿಮೀಟರ್ ಆಸುಪಾಸು, ನೋಡೋಕೆ ಮನೆ ಗೋಡೆಯ ಹಲ್ಲಿ ಥರ. ಡೈನೋಸಾರ್ ಅಂದರೆ ಎಲ್ಲರೂ ಕಣ್ಣರಳಿಸುತ್ತಾರೆ, ಪಾಪ ಇದನ್ನು ಕೇಳುವವರಿಲ್ಲ. ಡೈನೋಸಾರ್ ಬರೋಕೆ ಇನ್ನೂ 7–8 ಕೋಟಿ ವರ್ಷ ಇರುವಾಗಲೇ ಇದು ಇಲ್ಲಿ ಓಡಾಡಿಕೊಂಡಿತ್ತು! ಕಪ್ಪೆಗಳ ಹಾಗೆ ಮೊಟ್ಟೆ ಇಡೋಕೆ ನೀರು ಹುಡುಕಬೇಕಾಗಿಲ್ಲದ ಗುಂಪಿನದು. ಮೊಟ್ಟೆ ಸಿಕ್ಕಿಲ್ಲ, ಮೂಳೆ ನೋಡಿಯೇ ಹಾಗೆ ಹೇಳುವುದು.

ನನಗೆ ಜಾಸ್ತಿ ಇಷ್ಟವಾದದ್ದು ಇದು ಸಿಕ್ಕ ಜಾಗ. ಆಗ ಇಲ್ಲಿ ಸಿಗಿಲೇರಿಯಾ ಅನ್ನುವ ಎತ್ತರದ ಮರಗಳಿದ್ದವು, ತೊಗಟೆ ಗಟ್ಟಿ, ಒಳಗೆಲ್ಲಾ ಮೆತ್ತಗೆ. ಪ್ರವಾಹದ ಹೂಳು ಬುಡವನ್ನು ಮುಚ್ಚುತ್ತಿತ್ತು, ಮರ ಸತ್ತು ಮೇಲಿನದ್ದು ಮುರಿದು ಬೀಳುತ್ತಿತ್ತು, ಒಳಗಿನದ್ದು ಕೊಳೆತು ಬೊಡ್ಡೆ ಟೊಳ್ಳಾಗುತ್ತಿತ್ತು. 1852ರಲ್ಲಿ ಭೂವಿಜ್ಞಾನಿಗಳಾದ ಚಾರ್ಲ್ಸ್ ಲಯೆಲ್ ಮತ್ತು ವಿಲಿಯಂ ಡಾಸನ್ ಇಬ್ಬರಿಗೂ ಅಂಥ ಒಂದು ಬೊಡ್ಡೆಯೊಳಗೆ ಮೂಳೆಗಳು ಸಿಕ್ಕವು. ಡಾಸನ್ ಅಷ್ಟಕ್ಕೆ ಬಿಡಲಿಲ್ಲ, ಇನ್ನಷ್ಟು ಬೊಡ್ಡೆ ಒಡೆದು ನೋಡಿ, 1860ರಲ್ಲಿ ಈ ಪ್ರಾಣಿಗೆ ಲಯೆಲ್ ಗೌರವಾರ್ಥ ಹೈಲೋನೋಮಸ್ ಲಯೆಲಿ ಅಂತ ಹೆಸರಿಟ್ಟರು.

ಅಲ್ಲ, ಇವು ಒಳಗೆ ಹೋದದ್ದಾದರೂ ಹೇಗೆ? ಕಾಲು ಜಾರಿ ಬಿದ್ದು, ಮೇಲೆ ಹತ್ತೋಕಾಗದೆ ಸತ್ತವು ಅನ್ನುವುದು ಹಳೆಯ ವಾದ. ಪೊಟರೆಯೇ ಅವುಗಳ ಮನೆ ಅನ್ನುವವರೂ ಇದ್ದಾರೆ. ಬೊಡ್ಡೆಗಳಲ್ಲಿ ಇದ್ದಿಲು ಕೂಡ ಸಿಕ್ಕಿದೆ, ಹಾಗಾಗಿ ಕಾಡ್ಗಿಚ್ಚಿಗೂ ಇದಕ್ಕೂ ಸಂಬಂಧ ಇರಬಹುದು ಅಂತಾರೆ. ನನ್ನ ವೋಟು ಮನೆಗೆ. ಅದೇ ಬೊಡ್ಡೆಗಳಲ್ಲಿ ಸಹಸ್ರಪದಿ, ನೆಲದ ಬಸವನಹುಳುಗಳೂ ಸಿಕ್ಕಿವೆ, ಊಟ ಬಾಗಿಲಲ್ಲೇ ಇದ್ದಂಗಾಯ್ತು. ಇಷ್ಟು ಹಗುರವಾದ ಪ್ರಾಣಿಗೆ ಕೊಳೆತ ಮರದ ಗೋಡೆ ಹತ್ತೋದು ಅಷ್ಟು ಕಷ್ಟವಾ?

ಮೊದಲ ಸರೀಸೃಪ ಅಂತ ಪಟ್ಟ ಮಾತ್ರ ಈಗ ಅಲುಗಾಡುತ್ತಿದೆ. 2025ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ 35 ಕೋಟಿ ವರ್ಷಕ್ಕೂ ಹಳೆಯ, ಉಗುರು ಮೂಡಿದ ಹೆಜ್ಜೆಗುರುತುಗಳು ವರದಿಯಾದವು. ಉಗುರು ಇದೆ ಅಂದರೆ ಸರೀಸೃಪದಂಥ ಪ್ರಾಣಿಯದ್ದೇ ಇರಬೇಕು ಅನ್ನುವುದು ಲೆಕ್ಕ. ಆದರೆ ಅಲ್ಲಿ ಸಿಕ್ಕಿರುವುದು ಹೆಜ್ಜೆ, ಇಲ್ಲಿ ಮೂಳೆಯೇ ಇದೆ.

ನೀವು ಬರುವುದಾದರೆ ಇಳಿತದ ಸಮಯ ನೋಡಿಕೊಂಡು ಬನ್ನಿ. ಬಂಡೆಗೆ ಒತ್ತಿಕೊಂಡು ನಿಲ್ಲಬೇಡಿ, ಕಲ್ಲು ಉದುರುತ್ತದೆ. ಪರವಾನಗಿ ಇಲ್ಲದೆ ಪಳೆಯುಳಿಕೆ ಎತ್ತಿಕೊಂಡು ಹೋಗುವಂತಿಲ್ಲ, ಏನಾದರೂ ಕಂಡರೆ ಫೋಟೋ ತೆಗೆದು ಇಲ್ಲಿನ ಸಿಬ್ಬಂದಿಗೆ ತೋರಿಸಿ.