ಮಲಗಿರಲಿ ಬಿಡಿ ಅನ್ನಬೇಡಿ, ಎಬ್ಬಿಸಿ ನೋಡಿ

ನಮಸ್ಕಾರ. ಹೋದ ವಾರದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: 'ನಿದ್ದೆ ಮಾತ್ರೆ ಒಂದೆರಡು ಜಾಸ್ತಿ ಆದ್ರೆ ಏನು ಮಹಾ? ಮಲಗಿ ಎದ್ದರೆ ಸರಿಹೋಗುತ್ತೆ.' ಅದಕ್ಕೆ ಲೈಕ್ ಬೇರೆ! ಓದಿ ಹೊಟ್ಟೆ ಉರಿಯಿತು.

ಹೀಗೆ ಅಂದವರ ಮಧ್ಯೆಯೇ ನಾನು ನಿಂತಿದ್ದೆ. ಮದುವೆ ಮನೆ. ನಮ್ಮ ಚಿಕ್ಕಪ್ಪ ರಾತ್ರಿ ಕುಡಿದಿದ್ದರು, ಆಮೇಲೆ ದಿನಾ ನುಂಗುವ ನಿದ್ದೆ ಮಾತ್ರೆ ಆಲ್‌ಪ್ರಜೋಲಾಮ್ ನುಂಗಿದ್ದಾರೆ. ಬೆಳಿಗ್ಗೆ ಗೊರಗೊರ ಗೊರಕೆ. 'ಸುಸ್ತಾಗಿದೆ, ಮಲಗಿರಲಿ ಬಿಡಿ' ಅಂದರು ಎಲ್ಲರೂ. ಚಿಕ್ಕಮ್ಮ ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣು ಬಿಡಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ಯಾರೋ ಮಜ್ಜಿಗೆ ಲೋಟ ಹಿಡಿದು ಬಂದರು, ಕುಡಿಸೋಕೆ!

ಆಸ್ಪತ್ರೆಯಲ್ಲಿ ಡಾಕ್ಟರ್ 'ಯಾವ ಮಾತ್ರೆ?' ಅಂತ ಕೇಳಿದರು. ಚಿಕ್ಕಮ್ಮನ ಕೈಯಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ಚೂರು. ಹೆಸರಿನ ಭಾಗ ಅಂಗಡಿಯಲ್ಲೇ ಉಳಿದಿತ್ತು. ಚಿಕ್ಕಪ್ಪ ಬದುಕಿದರು. ಇನ್ನೊಂದು ಗಂಟೆ 'ಮಲಗಿರಲಿ' ಅಂದಿದ್ದರೆ?

ಮಾತ್ರೆ ಮೆದುಳನ್ನು ಮಂದ ಮಾಡುತ್ತೆ. ಹೆಂಡವೂ ಅದನ್ನೇ ಮಾಡುತ್ತೆ. ಟ್ರಮಡಾಲ್‌ನಂಥ ನೋವಿನ ಮಾತ್ರೆಯೂ ಅಷ್ಟೇ. ಎರಡು ಸೇರಿದರೆ ಉಸಿರಾಡುವುದನ್ನೇ ಮೈ ಮರೆಯುತ್ತೆ. ನಾಲಿಗೆ ಸಡಿಲವಾಗಿ ಗಂಟಲಿಗೆ ಅಡ್ಡ ಬೀಳುತ್ತೆ. ನೀವು ಗೊರಕೆ ಅಂದುಕೊಂಡಿದ್ದು ಅದನ್ನೇ. ಎಬ್ಬಿಸಿ ನೋಡಿ! ಏಳಲಿಲ್ಲವಾ? ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ. ಉಪ್ಪುನೀರು ಬೇಡ, ವಾಂತಿ ಮಾಡಿಸುವುದೂ ಬೇಡ. ಅದು ಶ್ವಾಸಕೋಶಕ್ಕೆ ಇಳಿಯುತ್ತೆ.

'ನಮ್ಮಜ್ಜಿ ಹತ್ತು ವರ್ಷದಿಂದ ನುಂಗುತ್ತಿದ್ದಾರೆ' ಅಂತೀರಿ. ರಾತ್ರಿ ಬಚ್ಚಲಿಗೆ ಹೋಗುವಾಗ ಅಜ್ಜಿ ಎಷ್ಟು ಸಲ ತೂರಾಡಿದ್ದಾರೆ, ಕೇಳಿದ್ದೀರಾ? ಹಾಗಂತ ಇವತ್ತೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಡಾಕ್ಟರೇ ನಿಧಾನಕ್ಕೆ ಇಳಿಸಬೇಕು. 'ಮಾತ್ರೆಯ ಅಮಲು ಇಳಿಸೋ ಇಂಜೆಕ್ಷನ್ ಇದೆಯಲ್ಲ' ಅನ್ನುವವರೂ ಇದ್ದಾರೆ. ಇದೆ, ಫ್ಲುಮಾಜೆನಿಲ್. ಆದರೆ ಅದು ಹೆಂಡದ ಅಮಲನ್ನು ಇಳಿಸಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿದವರಿಗೆ ಅದರಿಂದಲೇ ಫಿಟ್ಸ್ ಬರಬಹುದು.

2014ರಿಂದ ಆಲ್‌ಪ್ರಜೋಲಾಮ್ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಪಟ್ಟಿ. ಅಂಗಡಿಯವರು ಡಾಕ್ಟರ್ ಹೆಸರು, ರೋಗಿಯ ಹೆಸರು ಬರೆದಿಟ್ಟುಕೊಂಡು ಮೂರು ವರ್ಷ ಕಾಯ್ದಿಡಬೇಕು. ಸುಮ್ನೆ ಮಾಡಿದ ನಿಯಮ ಅಲ್ಲ ಅದು! ಪಕ್ಕದ ಮನೆಯವರು 'ಒಂದು ಕೊಡಿ' ಅಂದರೂ ಕೊಡಬೇಡಿ.

ಬೇಕಂತಲೇ ನುಂಗಿದ್ದಾರೆ ಅನ್ನಿಸಿತಾ? ಬೈಯಬೇಡಿ, ಮುಚ್ಚಿಡಬೇಡಿ. ಎಚ್ಚರ ಇದ್ದರೂ ಮೊದಲು ಆಸ್ಪತ್ರೆ. ಆಮೇಲೆ ಮನಸ್ಸು ಬಿಚ್ಚಿ ಮಾತಾಡೋಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಈ ವಿಡಿಯೊನ ಮನೆಯ ಗ್ರೂಪಿಗೆ ಕಳಿಸಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಮಕ್ಕಳ ಕೈಗೆ ಸಿಗುವ ಮಾತ್ರೆ ಡಬ್ಬಿ ಬಗ್ಗೆ ಮಾತಾಡೋಣ. ಮತ್ತೆ, ಲೈಕ್ ಒತ್ತಿದವರೇ, ಎಬ್ಬಿಸಿ ನೋಡಿ! ಬೈದರೆ ಬೈಯಲಿ. ಬೈಯುವಷ್ಟು ಎಚ್ಚರ ಇದೆಯಲ್ಲ, ಅಷ್ಟು ಸಾಕು.