ಕುಂಟುವ ಕುದುರೆ ಯಾರದು?

ಕೇಳುಗರಿಗೆ ನಮಸ್ಕಾರ.

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಾವು ಸೋಮಾರಿಗಳಿಗೆಂದೇ ಮೀಸಲಿಟ್ಟಿದ್ದೇವೆ. ಅಲ್ಲಿಯತನಕ ಸರಾಗವಾಗಿ ನಡೆದು ಬಂದವನಿಗೆ ಕುದುರೆ ಕಣ್ಣಿಗೆ ಬಿದ್ದ ಕೂಡಲೇ ಕಾಲು ಎಳೆಯತೊಡಗುತ್ತದೆ. ಮೂವತ್ತೆರಡು ವರ್ಷ ಪಶುವೈದ್ಯನಾಗಿ ದುಡಿದ ನನಗೆ ಈ ಗಾದೆ ಕೇಳಿದಾಗಲೆಲ್ಲ ಒಂದು ತಕರಾರು ಏಳುತ್ತದೆ. ಕುದುರೆಗೇ ಕಾಲು ನೋಯುತ್ತಿದ್ದರೆ ಅದು ಯಾರನ್ನು ಕಂಡು ನೆವ ಹೇಳಬೇಕು?

ನಿವೃತ್ತಿಯಾದ ಮೇಲೆ ಮಗನ ಮನೆಗೆಂದು ಅಮೆರಿಕದ ಒಹಾಯೋ ರಾಜ್ಯಕ್ಕೆ ಹೋಗಿದ್ದೆ. ಅಲ್ಲಿ ಬೇಸಿಗೆಯಲ್ಲಿ ಜಿಲ್ಲೆಗೊಂದು ಜಾತ್ರೆ ನಡೆಯುತ್ತದೆ. ತೇರಿಲ್ಲ, ದೇವರಿಲ್ಲ, ಉಳಿದಂತೆ ನಮ್ಮ ದನಗಳ ಜಾತ್ರೆಯದೇ ಗದ್ದಲ. ಬಹುಮಾನ ಗೆದ್ದ ಹೋರಿ, ಇಬ್ಬರು ಹಿಡಿದು ಎತ್ತಬೇಕಾದ ಕುಂಬಳಕಾಯಿ, ಎಣ್ಣೆಯಲ್ಲಿ ಕರಿದ ತರಾವರಿ ತಿಂಡಿ. ಅದರ ಪಕ್ಕದಲ್ಲೇ ಅರ್ಧ ಮೈಲಿ ಸುತ್ತಿನ ಓಟದ ಅಂಕಣ. ಅಲ್ಲಿ ಓಡುವುದು ಗಾಡಿಗೆ ಕಟ್ಟಿದ ಕುದುರೆಗಳು. ಇದಕ್ಕೆ ಹಾರ್ನೆಸ್ ರೇಸಿಂಗ್ ಎಂದು ಹೆಸರು.

ಬೆಂಗಳೂರು, ಮೈಸೂರಿನ ರೇಸ್ ನೋಡಿದವರಿಗೆ ಇದು ಬೇರೆಯೇ ಲೋಕ. ಕುದುರೆಯ ಬೆನ್ನ ಮೇಲೆ ಜಾಕಿ ಇರುವುದಿಲ್ಲ. ಹಿಂದೆ ಸಲ್ಕಿ ಎಂಬ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಸಾರಥಿ. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಟ್ರಾಟ್ ಎಂಬ ನಡೆಯಲ್ಲಿ ಎಡ ಮುಂಗಾಲೂ ಬಲ ಹಿಂಗಾಲೂ ಜೊತೆಯಾಗಿ ಏಳುತ್ತವೆ. ಪೇಸ್ ಎಂಬ ನಡೆಯಲ್ಲಿ ಒಂದೇ ಮಗ್ಗುಲಿನ ಎರಡು ಕಾಲುಗಳು. ಓಟದ ನಡುವೆ ನಡೆ ಮುರಿದರೆ ಸಾರಥಿ ಲಗಾಮು ಬಿಗಿದು ಮತ್ತೆ ಸರಿನಡೆಗೆ ತರಬೇಕು. ಅಷ್ಟರಲ್ಲಿ ಉಳಿದ ಕುದುರೆಗಳು ಮುಂದೆ ಹೋಗಿರುತ್ತವೆ.

ಈ ತಳಿಯ ಹೆಸರು ಸ್ಟ್ಯಾಂಡರ್ಡ್‌ಬ್ರೆಡ್. ಒಂದು ಮೈಲಿಯನ್ನು ಎರಡೂವರೆ ನಿಮಿಷದಲ್ಲಿ ಓಡಬೇಕೆಂದು 1879ರಲ್ಲಿ ಗೊತ್ತುಮಾಡಿದ ಮಟ್ಟದಿಂದಲೇ ಆ ಹೆಸರು ಬಂತು. 2022ರ ಜುಲೈನಲ್ಲಿ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ಬುಲ್‌ಡಾಗ್ ಹ್ಯಾನೋವರ್ ಎಂಬ ಕುದುರೆ ಅದೇ ಮೈಲಿಯನ್ನು ಒಂದು ನಿಮಿಷ 45.8 ಸೆಕೆಂಡಿನಲ್ಲಿ ಮುಗಿಸಿತು. ಸುಮಾರು ನೂರ ನಲವತ್ತು ವರ್ಷಗಳಲ್ಲಿ 44 ಸೆಕೆಂಡು ಉಳಿಯಿತು. ದಾರಿ ಸುಧಾರಿಸಿತು, ಗಾಡಿ ಹಗುರವಾಯಿತು, ತಳಿ ಹದಗೊಂಡಿತು. ಗೊರಸಿನ ಮೇಲಿನ ಗೆಣ್ಣಿನ ಹಿಂದೆ ಕೂತಿರುವ ಎರಡು ಪುಟ್ಟ ಮೂಳೆಗಳು ಮಾತ್ರ ಹೆಬ್ಬೆರಳಿನ ತುದಿಯಷ್ಟೇ ಉಳಿದಿವೆ. ಆ ಮೂಳೆಗಳು, ಅವನ್ನು ಹಿಡಿದು ನಿಲ್ಲಿಸಿದ ಅಸ್ಥಿರಜ್ಜು, ಹಿಂಗಾಲಿನ ಮಂಡಿಯಂಥ ಕೀಲು — ಈ ಕುದುರೆಗಳು ಕುಂಟುವುದು ಹೆಚ್ಚಾಗಿ ಇವುಗಳಿಂದ.

ಅಂದು ಒಂದು ಕಂದು ಹೆಣ್ಣುಕುದುರೆ ನಾಲ್ಕನೆಯದಾಗಿ ಗುರಿ ಮುಟ್ಟಿತು. ಓಡುವಾಗ ಅದರಲ್ಲಿ ಏನೂ ಕಾಣಲಿಲ್ಲ. ಕಾಣುವ ಹಾಗೂ ಇರಲಿಲ್ಲ. ಕುದುರೆಯ ತಲೆ ತಗ್ಗದಂತೆ ಬಾಯಿಂದ ನೆತ್ತಿಯ ಮೇಲೆ ಹಾದು ಬೆನ್ನಿಗೆ ಸಿಗಿಸುವ ಓವರ್‌ಚೆಕ್ ಎಂಬ ಪಟ್ಟಿಯೊಂದಿದೆ. ಮುಂಗಾಲು ಕುಂಟುವ ಕುದುರೆಯನ್ನು ನಾವು ಗುರುತಿಸುವುದೇ ತಲೆಯಾಟದಿಂದ: ನೋವಿನ ಕಾಲು ನೆಲ ಮುಟ್ಟಿದಾಗ ಭಾರ ಬೀಳದಿರಲೆಂದು ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲಿಗೆ ತಲೆ ತಗ್ಗಿಸುತ್ತದೆ. ತಲೆಯನ್ನೇ ಬಿಗಿದಿಟ್ಟರೆ ಆ ಆಟ ಅರ್ಧ ಮರೆಯಾಗುತ್ತದೆ. ಓಟ ಮುಗಿಸಿ ಪಟ್ಟಿ ಬಿಚ್ಚಿ ಲಾಯದ ಕಡೆ ನಡೆಸಿಕೊಂಡು ಹೋಗುವಾಗ ನೋಡಿದೆ. ಬಲಗಾಲು ಊರಿದಾಗ ತಲೆ ಕೆಳಗೆ, ಎಡಗಾಲು ಊರಿದಾಗ ಮೇಲೆ. ಅಮೆರಿಕದ ಕುದುರೆ ವೈದ್ಯರ ಸಂಘ ಕುಂಟುವಿಕೆಯನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತದೆ. ಸುಮ್ಮನೆ ನಡೆಯುವಾಗಲೇ ಎದ್ದು ಕಂಡರೆ ಅದು ನಾಲ್ಕು. ಕಾಲು ಊರಲೇ ಆಗದಿದ್ದರೆ ಐದು.

ಹಗ್ಗ ಹಿಡಿದಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ, ಕುದುರೆಯ ಮೈತೊಳೆಯುವ, ಮೇವು ಹಾಕುವ ಆಳು. ನನ್ನ ಹರಕು ಇಂಗ್ಲಿಷಿನಲ್ಲಿ ಎಡಗಾಲಿನ ಬಗ್ಗೆ ಕೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಬೆಳಿಗ್ಗೆಯೇ ಕಾಲು ಬಿಸಿಯಿತ್ತು. ಓಡುತ್ತಾ ಓಡುತ್ತಾ ಮೈ ಕಾದರೆ ಸರಿಹೋಗುತ್ತದೆ ಎಂದರು’ ಎಂದಳು. ಎಂದವರು ಯಾರು ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ಮರುದಿನ ಅದೇ ಲಾಯಕ್ಕೆ ಅವಳು ಕೆಲಸಕ್ಕೆ ಹೋಗಬೇಕಿತ್ತು.

ಆ ಕಾಲಿನ ಸಂಗತಿ ಎಷ್ಟು ಜನಕ್ಕೆ ಗೊತ್ತಿರಬಹುದು ಎಂದು ರಾತ್ರಿ ಲೆಕ್ಕ ಹಾಕಿದೆ. ಮುಂಜಾನೆ ಕಾಲು ಮುಟ್ಟಿದ ಹುಡುಗಿಗೆ ಗೊತ್ತು. ಲಾಳ ಬಡಿಯುವವನಿಗೆ ಗೊತ್ತು. ನೋಯುವ ಕಾಲಿನ ಗೊರಸು ಬೇರೆ ಥರ ಸವೆದಿರುತ್ತದೆ. ಸಾರಥಿಗಂತೂ ಕೈಯಲ್ಲೇ ಗೊತ್ತು. ಕುಂಟುವ ಕುದುರೆ ನೇರ ಓಡದೆ ಒಂದೇ ಲಗಾಮಿಗೆ ಜೋತುಬೀಳುತ್ತದೆ, ಹಿಂಗಾಲು ನೋಯುತ್ತಿದ್ದರೆ ಸೊಂಟ ಓರೆಮಾಡಿ ಗಾಡಿಯ ಒಂದು ಮೂಕಿಗೆ ಒತ್ತಿಕೊಂಡು ಓಡುತ್ತದೆ. ಓಟದ ಕೊನೆಗೆ ಸಾರಥಿಯ ಒಂದು ತೋಳು ಮಾತ್ರ ನೋಯುತ್ತಿದ್ದರೆ ಕಾರಣವನ್ನು ದೂರ ಹುಡುಕಬೇಕಿಲ್ಲ. ತರಬೇತುದಾರನಿಗೆ ಗೊತ್ತಿರಲೇಬೇಕು. ಪರೀಕ್ಷಿಸುವ ವೈದ್ಯ, ಮೇಲೆ ಕೂತ ತೀರ್ಪುಗಾರರು ಮನಸ್ಸು ಮಾಡಿದರೆ ಕುದುರೆಯನ್ನು ಓಟದಿಂದ ಕೈಬಿಡಬಹುದು. ಹಾಗೆ ಕೈಬಿಡುವುದೂ ಉಂಟು. ಮಾಲೀಕ? ಎಷ್ಟೋ ಸಲ ಅವನು ನೂರಾರು ಮೈಲಿ ದೂರದಲ್ಲಿ ಕೂತು ತಿಂಗಳ ಬಿಲ್ಲು ಕಟ್ಟುವವನು. ಅವನಿಗೆ ಗೊತ್ತಿರುವುದು ಎಷ್ಟನೆಯದಾಗಿ ಬಂತು ಎಂಬುದೊಂದೇ.

ಇಷ್ಟು ಜನರ ನಡುವೆ ಹೊಣೆ ಮಜ್ಜಿಗೆಯ ಹಾಗೆ, ನೀರು ಸೇರಿದಷ್ಟೂ ತೆಳ್ಳಗೆ. ಕುದುರೆಯ ಸ್ಥಿತಿಗೆ ತರಬೇತುದಾರನೇ ಬಾಧ್ಯಸ್ಥ ಎಂದು ರೇಸಿಂಗ್ ನಿಯಮಗಳು ಹೇಳುತ್ತವೆ, ನಿಜ. ಆದರೆ ಆ ನಿಯಮ ಹಲ್ಲು ತೋರಿಸುವುದು ರಕ್ತದಲ್ಲಿ ನಿಷೇಧಿತ ಮದ್ದು ಸಿಕ್ಕಾಗ. ನಿಷೇಧಿತವಲ್ಲದ ಮದ್ದನ್ನು ಓಟಕ್ಕೆ ಮುಂಚಿನ ಗಡುವಿನೊಳಗೇ ಕೊಟ್ಟು ನಿಲ್ಲಿಸಿದರೆ ರಕ್ತ ಶುದ್ಧವಾಗಿರುತ್ತದೆ, ಕಾಲು ಮಾತ್ರ ಹಾಗೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ್ದು ಕ್ಲೇಮಿಂಗ್ ರೇಸ್ ಎಂಬ ಏರ್ಪಾಡು. ಇಂಥ ಓಟಕ್ಕೆ ಇಳಿದ ಪ್ರತಿ ಕುದುರೆಗೂ ಒಂದು ಬೆಲೆ ಬರೆದಿರುತ್ತದೆ. ಓಟಕ್ಕೆ ಮೊದಲೇ ಆ ಹಣ ಕಟ್ಟಿದವನಿಗೆ ಓಟ ಮುಗಿದ ಮೇಲೆ ಕುದುರೆ ಸೇರುತ್ತದೆ. ಸರಿಸಮಾನ ಕುದುರೆಗಳು ಒಟ್ಟಿಗೆ ಓಡಲಿ, ಒಳ್ಳೆಯದನ್ನು ಅಗ್ಗದ ಓಟಕ್ಕೆ ನುಗ್ಗಿಸದಿರಲಿ ಎಂಬುದು ಇದರ ಮೂಲ ಉದ್ದೇಶ, ಜಾಣ ಉಪಾಯವೇ. ಆದರೆ ನೋಯುವ ಕಾಲಿನ ಕುದುರೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲು ಇದಕ್ಕಿಂತ ಸುಲಭದ ದಾರಿಯೂ ಇಲ್ಲ. ಬೆಲೆ ಇಳಿಸು, ಕೀಲಿಗೆ ಸ್ಟೀರಾಯ್ಡ್ ಚುಚ್ಚಿಸು, ಓಡಿಸು. ಕೊಂಡವನಿಗೆ ಕುದುರೆ ಸಿಗುತ್ತದೆ, ಅದರ ಚಿಕಿತ್ಸೆಯ ಚರಿತ್ರೆ ಸಿಗುವುದಿಲ್ಲ. ಅವನು ಗೊತ್ತಿಲ್ಲದೆ ಅದೇ ಕೀಲಿಗೆ ಮತ್ತೆ ಚುಚ್ಚಿಸುತ್ತಾನೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ, ಜಾಕಿ ಕೂತು ಓಡಿಸುವ ಥರೋಬ್ರೆಡ್ ತಳಿಯ ಓಟಗಳಲ್ಲಿ ಓಟದ ನಂತರ ಕುದುರೆ ಕುಂಟಿದರೆ ಮಾರಾಟವೇ ರದ್ದು ಎಂಬ ನಿಯಮ ತಂದಿದ್ದಾರೆ. ಕುಂಟು ಕಾಲು ಹಳೆಯ ಮಾಲೀಕನ ಮನೆಬಾಗಿಲಿಗೇ ವಾಪಸು. ಗಾಡಿ ಕುದುರೆಗಳ ಓಟದಲ್ಲಿ ಇದು ಎಲ್ಲೆಡೆ ಬರಬೇಕು, ಜೊತೆಗೆ ಚಿಕಿತ್ಸೆಯ ಪುಸ್ತಕ ಕುದುರೆಯ ಹಿಂದೆಯೇ ಹೋಗಬೇಕು. ನಮ್ಮಲ್ಲಿ ಎಮ್ಮೆ ಮಾರುವವನು ಎಷ್ಟನೆಯ ಸೂಲು ಎಂದು ಸುಳ್ಳು ಹೇಳಿದರೆ ಸಂತೆಯೇ ಅವನನ್ನು ಬೈಯುತ್ತದೆ.

ಹೀಗೆ ನ್ಯಾಯ ಹೇಳುವ ಮೊದಲು ನನ್ನದನ್ನೂ ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಧಾರವಾಡ ಸೀಮೆಯ ಒಂದು ಊರಿನಲ್ಲಿದ್ದೆ. ರೈಲು ನಿಲ್ದಾಣಕ್ಕೆ ಟಾಂಗಾ ಹೊಡೆಯುವ ವಯಸ್ಸಾದವನೊಬ್ಬ ಒಂದು ಮುಂಜಾನೆ ಆಸ್ಪತ್ರೆಯ ಮುಂದೆ ಬಂದು ನಿಂತ. ನಾನು ಒಳಗಿದ್ದೆ, ಹೊರಗೆ ಡಾಂಬರಿನ ಮೇಲೆ ಲಾಳದ ಸದ್ದು ಕೇಳಿಯೇ ಒಂದು ಕಾಲು ಸರಿಯಿಲ್ಲವೆಂದು ತಿಳಿಯಿತು. ಒಂದು ಬಡಿತ ಗಟ್ಟಿ, ಮತ್ತೊಂದು ಮೆತ್ತಗೆ. ಮುಂಗಾಲಿನ ಸ್ನಾಯುರಜ್ಜು ಬಾಳೆಕಾಯಿಯ ಹಾಗೆ ಉಬ್ಬಿತ್ತು. ಎರಡು ತಿಂಗಳು ಕಟ್ಟಿಹಾಕಬೇಕು ಎಂದೆ. ಅವನು ಕೈಮುಗಿದ. ‘ಸಾಹೇಬರೇ, ನಾಳೆ ಮದುವೆಯ ದಿಬ್ಬಣ ಒಪ್ಪಿಕೊಂಡಿದ್ದೇನೆ. ಇವತ್ತು, ನಾಳೆ ಎರಡು ದಿನ ನಡೆದರೆ ಸಾಕು.’ ನಾನು ನೋವು ಅಡಗಿಸುವ ಫಿನೈಲ್‌ಬ್ಯುಟಜೋನ್ ಚುಚ್ಚಿದೆ. ಕುದುರೆ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ದಿನ ಅವನು ಒಬ್ಬನೇ ಬಂದ, ಕುದುರೆ ಏಳುತ್ತಿಲ್ಲ ಎಂದ. ನೋವು ಎನ್ನುವುದು ಆ ಕಾಲಿಗೆ ಉಳಿದಿದ್ದ ಒಂದೇ ಕಾವಲು. ಅದನ್ನು ತೆಗೆದುಹಾಕಿದವನು ನಾನು.

ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಈ ವಿಷಯದಲ್ಲಿ ಗೊಂದಲವನ್ನೇ ಇಟ್ಟಿಲ್ಲ. ಗಾಯ, ರೋಗ, ಮುಪ್ಪು, ಅಶಕ್ತತೆಯಿಂದ ಕೆಲಸಕ್ಕಾಗದ ಪ್ರಾಣಿಯನ್ನು ದುಡಿಸಿದವನೂ ತಪ್ಪಿತಸ್ಥ, ದುಡಿಸಲು ಬಿಟ್ಟ ಮಾಲೀಕನೂ ತಪ್ಪಿತಸ್ಥ ಎಂದು ಹನ್ನೊಂದನೆಯ ಕಲಮಿನಲ್ಲೇ ಇದೆ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಬರೆದವರು ಜಾಣರು, ಬೆಲೆ ಕಟ್ಟಿದವರು ಮಾತ್ರ 1960ರಲ್ಲೇ ಉಳಿದರು. ಸೂಜಿ ಚುಚ್ಚಿದ ವೈದ್ಯನ ಬಗ್ಗೆ ಆ ಸಾಲಿನಲ್ಲಿ ಏನೂ ಇಲ್ಲ.

ಅಮೆರಿಕದಲ್ಲಿ 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ವಕೀಲರು ರೇಸ್ ಕುದುರೆಗಳಿಗೆ ಮದ್ದು ಹಾಕಿದ ಆರೋಪದ ಮೇಲೆ 27 ಜನರ ಮೇಲೆ ಮೊಕದ್ದಮೆ ಹೂಡಿದಾಗ ಅವರಲ್ಲಿ ತರಬೇತುದಾರರ ಜೊತೆ ಪಶುವೈದ್ಯರೂ ಇದ್ದರು. ಗಾಡಿ ಕುದುರೆಗಳ ಲೋಕದವರೂ ಇದ್ದರು. ಅದೇ ವರ್ಷದ ಕೊನೆಗೆ ಇಡೀ ದೇಶಕ್ಕೆ ಅನ್ವಯಿಸುವ ಕುದುರೆ ಓಟದ ಸುರಕ್ಷತಾ ಕಾಯ್ದೆ ಬಂತು. ಆದರೆ ಅದು ಥರೋಬ್ರೆಡ್‌ಗಳಿಗೆ ಮಾತ್ರ. ಸ್ಟ್ಯಾಂಡರ್ಡ್‌ಬ್ರೆಡ್ ಹಿಂದಿನಂತೆಯೇ ಆಯಾ ರಾಜ್ಯದ ಆಯೋಗದ ಕೈಯಲ್ಲಿ ಉಳಿಯಿತು. ರಾಜ್ಯದ ಗಡಿ ದಾಟಿದರೆ ನಿಯಮ ಬದಲಾಗುತ್ತದೆ, ಕೀಲು ಬದಲಾಗುವುದಿಲ್ಲ.

ಹೆಸರಾಂತ ಕುದುರೆಗೆ ಈ ಗತಿ ಬರುವುದಿಲ್ಲ ಬಿಡಿ. 1896ರಲ್ಲಿ ಸೊಟ್ಟ ಹಿಂಗಾಲಿನೊಂದಿಗೆ ಹುಟ್ಟಿದ ಡ್ಯಾನ್ ಪ್ಯಾಚ್, ಅಮೆರಿಕ ಮನೆಮಾತಾಗಿಸಿಕೊಂಡ ಪೇಸರ್. 60,000 ಡಾಲರಿಗೆ ಕೊಂಡ ಮಾಲೀಕ ಅದನ್ನು ಕೊನೆಯತನಕ ಸಾಕಿದ. 1916ರ ಜುಲೈನಲ್ಲಿ ಕುದುರೆ ಸತ್ತ ಮರುದಿನ ತಾನೂ ತೀರಿಕೊಂಡ. ಅಂಥ ಮಾಲೀಕ ಸಾವಿರಕ್ಕೊಬ್ಬ. ಉಳಿದವು ಕೈಯಿಂದ ಕೈಗೆ ಹೋಗಿ, ಓಟ ಮುಗಿದ ಮೇಲೆ ಹರಾಜಿಗೆ ಬರುತ್ತವೆ. ಅಮೆರಿಕದ ಕಡೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಆಮೇಲೆ ಕೆನಡಾ, ಮೆಕ್ಸಿಕೊ ಕಡೆಗೆ ಲಾರಿಗಳು ಹೊರಟವು. ಅದೃಷ್ಟವಿದ್ದವನ್ನು ಆಮಿಷ್ ಜನ ಕೊಳ್ಳುತ್ತಾರೆ. ಮೋಟಾರು ಗಾಡಿ ಇಟ್ಟುಕೊಳ್ಳದ, ಇಂದಿಗೂ ಕುದುರೆ ಗಾಡಿಯಲ್ಲೇ ತಿರುಗುವ ರೈತರು ಅವರು.

ಊರಿಗೆ ಮರಳುವ ವಾರ ಮಗ ನನ್ನನ್ನು ಅಂಥದೊಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದ. ದಿನಸಿ ಅಂಗಡಿಯ ಮುಂದಿನ ಕಂಬಕ್ಕೆ ಕಪ್ಪು ಗಾಡಿಯ ಕುದುರೆಯೊಂದನ್ನು ಕಟ್ಟಿದ್ದರು. ಅಂಗಡಿಯಿಂದ ಹೊರಬಂದ ಗಡ್ಡದ ರೈತನ ಅಪ್ಪಣೆ ಕೇಳಿ ಅದರ ಅಯಾಲು ಸರಿಸಿದೆ. ಕತ್ತಿನ ಮೇಲೆ ಬಿಳಿ ಕೂದಲಿನ ಗುರುತು, ಸ್ಟ್ಯಾಂಡರ್ಡ್‌ಬ್ರೆಡ್‌ಗಳಿಗೆ ಮರಿಯಲ್ಲೇ ಶೀತದ ಮುದ್ರೆಯಿಂದ ಒತ್ತುತ್ತಿದ್ದ ನೋಂದಣಿ ಸಂಖ್ಯೆ. ಅದನ್ನು ಹಿಡಿದು ಹುಡುಕಿದರೆ ಕುದುರೆಯ ಹೆಸರು, ತಂದೆತಾಯಿ, ಓಡಿದ ಓಟಗಳು, ಗೆದ್ದ ಹಣ ಎಲ್ಲ ಸಿಗುತ್ತದೆ. ಯಾವ ಕೀಲಿಗೆ ಎಷ್ಟು ಸೂಜಿ ಬಿತ್ತು ಎಂಬುದು ಸಿಗುವುದಿಲ್ಲ.

ಬಗ್ಗಿ ಮುಂಗಾಲು ಸವರಿದೆ. ತಣ್ಣಗಿತ್ತು. ಗೆಣ್ಣಿನ ಸುತ್ತ ಕಲ್ಲಿನಂಥ ಹಳೆಯ ಗಂಟು. ‘ಹೇಗಿದೆ?’ ಎಂದ ರೈತ. ‘ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ?’ ಎಂದೆ. ಅವನು ಕುದುರೆಯ ಮುಖ ನೋಡಿದ, ಏನೂ ಹೇಳದೆ ಹಗ್ಗ ಬಿಚ್ಚಿ, ಹಿಟ್ಟಿನ ಚೀಲ ಹಿಂದಕ್ಕಿಟ್ಟು, ಗಾಡಿ ಹತ್ತಿದ. ತಿರುವಿನತನಕ ನಾನು ಕಣ್ಣು ಮುಚ್ಚಿ ಕೇಳುತ್ತಾ ನಿಂತೆ. ಡಾಂಬರಿನ ಮೇಲೆ ಒಂದು ಬಡಿತ ಗಟ್ಟಿ, ಮತ್ತೊಂದು ಮೆತ್ತಗೆ.